ನಕ್ಷೆ ಯಾರ ಕೈಯಲ್ಲಿದೆ

2002ರ ಅಕ್ಟೋಬರ್‌ನಲ್ಲಿ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ಮ್ಯಾಕ್ಸ್‌ಟರ್ ಎಂಬ ಮೂರು ದೊಡ್ಡ ಹಾರ್ಡ್ ಡಿಸ್ಕ್ ಕಂಪನಿಗಳು ತಮ್ಮ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕುಗಳ ವಾರಂಟಿಯನ್ನು ಮೂರು ವರ್ಷದಿಂದ ಒಂದು ವರ್ಷಕ್ಕೆ ಇಳಿಸಿದವು. ಸೆಪ್ಟೆಂಬರ್ ಕೊನೆಗೆ ಡಿಸ್ಕ್ ಕೊಂಡವನಿಗೂ ಅಕ್ಟೋಬರ್ ಮೊದಲಿಗೆ ಕೊಂಡವನಿಗೂ ಸಿಕ್ಕ ಮಾದರಿ ಒಂದೇ. ಬದಲಾದದ್ದು ಕಂಪನಿಗಳ ಲೆಕ್ಕಪುಸ್ತಕ. ಎರಡು ವರ್ಷ ಕಳೆದು 2004ರಲ್ಲಿ ಸೀಗೇಟ್ ಪೈಪೋಟಿಯ ಹುರುಪಿನಲ್ಲಿ ಐದು ವರ್ಷದ ವಾರಂಟಿ ಘೋಷಿಸಿತು. 2011ರಲ್ಲಿ ಥಾಯ್ಲೆಂಡಿನ ನೆರೆ ಕಾರ್ಖಾನೆಗಳನ್ನು ಮುಳುಗಿಸಿ, ಡಿಸ್ಕಿಗೆ ಅಭಾವ ಬಂದು, ಕೇಳಿದ ಬೆಲೆಗೆ ಕೊಳ್ಳುವವರು ಸಾಲುಗಟ್ಟಿದಾಗ ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಹಲವು ಮಾದರಿಗಳ ವಾರಂಟಿಯನ್ನು ಮತ್ತೆ ಮೊಟಕು ಮಾಡಿದವು. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. ಗೂಗಲ್‌ನ ಎಂಜಿನಿಯರುಗಳು ತಮ್ಮಲ್ಲಿ ಹಗಲಿರುಳು ದುಡಿಯುತ್ತಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಮೊದಲ ವರ್ಷದ ಡಿಸ್ಕುಗಳಲ್ಲಿ ಕೆಟ್ಟವು ಶೇಕಡ 1.7; ಮೂರು ವರ್ಷ ಹಳೆಯವುಗಳಲ್ಲಿ ವರ್ಷಕ್ಕೆ ಶೇಕಡ 8.6ಕ್ಕೂ ಹೆಚ್ಚು. ಕೆಡುವುದು ಏರತೊಡಗುವ ಹೊತ್ತಿಗೆ ಸರಿಯಾಗಿ ಕಂಪನಿ ಕೈತೊಳೆದುಕೊಂಡಿರುತ್ತದೆ ಎಂಬುದು ಇದರ ಒಂದು ಅರ್ಥ. ಮೂರು ವರ್ಷ ದಾಟಿದ ಮೇಲೂ ಹತ್ತರಲ್ಲಿ ಒಂಬತ್ತು ಡಿಸ್ಕುಗಳು ಮುಂದಿನ ವರ್ಷವನ್ನೂ ಕಾಣುತ್ತವೆ ಎಂಬುದು ಇನ್ನೊಂದು. ಎರಡೂ ನಿಜವೇ.

ಹಾಗಾದರೆ ವಾರಂಟಿ ಮುಗಿದ ಕಂಪ್ಯೂಟರಿನ ಉಳಿದ ಆಯಸ್ಸನ್ನು ತೀರ್ಮಾನಿಸುವುದು ಯಾವುದು? ಯಂತ್ರದ ಗುಣಮಟ್ಟ ಎಂದು ಕೆಲವರು, ಅದರ ಬೆಲೆ ಎಂದು ಕೆಲವರು, ಬಳಸುವವನ ಜೋಪಾನ ಎಂದು ಮತ್ತೆ ಕೆಲವರು ಹೇಳುತ್ತಾರೆ. ಇವೆಲ್ಲಕ್ಕೂ ಪಾತ್ರವಿದೆ. ಆದರೆ ಭಾರತದಲ್ಲಿ ಕಂಪ್ಯೂಟರ್ ರಿಪೇರಿ ನಡೆದು ಬಂದ ದಾರಿಯನ್ನು ನೋಡಿದರೆ ಇವಕ್ಕಿಂತ ಗಟ್ಟಿಯಾದ ಕಾರಣವೊಂದು ಮತ್ತೆ ಮತ್ತೆ ಎದುರಾಗುತ್ತದೆ: ಯಂತ್ರದ ಒಳಗನ್ನು ಅದನ್ನು ಮಾಡಿದವರಲ್ಲದೆ ಬೇರೆ ಯಾರು ಬಲ್ಲರು ಎಂಬುದು. ಸರ್ಕ್ಯೂಟ್ ನಕ್ಷೆ, ಬಿಡಿಭಾಗ, ದೋಷ ಹುಡುಕುವ ವಿಧಾನ ಈ ಮೂರೂ ಕಂಪನಿಯ ಗೋಡೆಯಾಚೆ ಸಿಕ್ಕ ಕಾಲದಲ್ಲಿ ಯಂತ್ರಗಳು ಬದುಕಿದವು. ಸಿಗದ ಕಾಲದಲ್ಲಿ, ಎಷ್ಟೇ ಗಟ್ಟಿಯಾಗಿದ್ದರೂ, ಒಂದು ಸಣ್ಣ ಭಾಗ ಸುಟ್ಟ ದಿನವೇ ಗುಜರಿಗೆ ಹೋದವು. ಈ ಮಾತಿಗೆ ಸಾಕ್ಷ್ಯ ಹುಡುಕಲು ಭಾರತಕ್ಕಿಂತ ಒಳ್ಳೆಯ ಜಾಗ ಇಲ್ಲ. ದೇಶದುದ್ದಕ್ಕೂ ಹಲವು ದೊಡ್ಡ ಕಂಪ್ಯೂಟರುಗಳು ಒಂದೇ ಏಟಿಗೆ ತಯಾರಕರ ಆಸರೆ ಕಳೆದುಕೊಂಡ ಪ್ರಸಂಗ ಇಲ್ಲಿ ನಡೆದಿದೆ.

ಐಬಿಎಂ ಭಾರತಕ್ಕೆ ಬಂದದ್ದು 1951ರಲ್ಲಿ. 1960ರ ದಶಕದಲ್ಲಿ ಅದರ 1401 ಎಂಬ ಯಂತ್ರ ಇಲ್ಲಿನ ಸರ್ಕಾರಿ ಕಚೇರಿ, ಕಾರ್ಖಾನೆ, ಸಂಶೋಧನಾ ಸಂಸ್ಥೆಗಳಿಗೆ ಹರಡಿತು. ಬಹುತೇಕ ಬಾಡಿಗೆಯ ಲೆಕ್ಕದಲ್ಲಿ ಬಂದವು. ಒಡೆತನ ಕಂಪನಿಯದು, ತಿಂಗಳ ಬಾಡಿಗೆ ನಮ್ಮದು, ರಿಪೇರಿಗೆ ಬರುವವರು ಕಂಪನಿಯ ಎಂಜಿನಿಯರುಗಳು. ಈ ಏರ್ಪಾಟಿನಲ್ಲಿ ವಾರಂಟಿ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಬಾಡಿಗೆ ಮನೆಯ ಸೋರುವ ಮಾಳಿಗೆ ಮಾಲೀಕನ ತಲೆನೋವು. ಆದರೆ ಬೇರೆ ದೇಶಗಳಲ್ಲಿ ಬಳಸಿ ಬಿಟ್ಟ ಯಂತ್ರಗಳನ್ನು ಕಂಪನಿ ಇಲ್ಲಿ ನವೀಕರಿಸಿ ಬಾಡಿಗೆಗೆ ಬಿಡುತ್ತಿದೆ ಎಂಬ ಟೀಕೆ 1970ರ ದಶಕದಲ್ಲಿ ಜೋರಾಯಿತು. ಸಂಸತ್ತಿನ ಲೆಕ್ಕಪತ್ರ ಸಮಿತಿಯೂ ಈ ಬಗ್ಗೆ ಕಟುವಾಗಿಯೇ ಬರೆಯಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ವಿದೇಶಿ ಪಾಲನ್ನು ಶೇಕಡ 40ಕ್ಕೆ ಇಳಿಸಬೇಕೆಂದಾಗ ಐಬಿಎಂ ಒಪ್ಪಲಿಲ್ಲ. ಜನತಾ ಸರ್ಕಾರದಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ, 1978ರಲ್ಲಿ ಅದು ಗಂಟುಮೂಟೆ ಕಟ್ಟಿತು. ಜನರ ನೆನಪಿನಲ್ಲಿ ಉಳಿದದ್ದು ಅದೇ ಸುಮಾರಿಗೆ ಹೊರಟ ಕೋಕಾ ಕೋಲಾ. ತಂಪು ಪಾನೀಯ ಇಲ್ಲದೆ ಯಾರ ಸಂಬಳದ ಪಟ್ಟಿಯೂ ನಿಲ್ಲಲಿಲ್ಲ. ಕಂಪ್ಯೂಟರ್ ಕೆಟ್ಟಿದ್ದರೆ ನಿಲ್ಲುತ್ತಿತ್ತು.

ನಿಲ್ಲಲಿಲ್ಲ ಎಂಬುದೇ ಕುತೂಹಲದ ಸಂಗತಿ. ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆ 1975ರ ಕೊನೆಯಲ್ಲೇ ನೋಂದಣಿಯಾಗಿತ್ತು. ಹೆಸರೇ ಹೇಳುವಂತೆ ಅದರ ಕೆಲಸ ಕಂಪ್ಯೂಟರ್ ಮಾಡುವುದಲ್ಲ, ಬೇರೆಯವರು ಮಾಡಿದ್ದನ್ನು ನಡೆಸಿಕೊಂಡು ಹೋಗುವುದು. ಐಬಿಎಂ ಹೊರಟಾಗ ದೇಶದ 800ಕ್ಕೂ ಹೆಚ್ಚು ಸ್ಥಳಗಳ ಯಂತ್ರಗಳ ಉಸ್ತುವಾರಿ ಅದರ ಹೆಗಲೇರಿತು. ಕಂಪನಿಯಲ್ಲಿ ಪಳಗಿದ್ದ ಹಲವು ಎಂಜಿನಿಯರುಗಳು ಇತ್ತ ಬಂದರು. ಕೆಲವರು ತಮ್ಮದೇ ಸಂಸ್ಥೆ ಕಟ್ಟಿಕೊಂಡರು. 1401ರ ರಚನೆಯೂ ಅವರಿಗೆ ಒದಗಿ ಬಂತು. ಅದರ ಒಳಗೆ ಟ್ರಾನ್ಸಿಸ್ಟರುಗಳನ್ನು ಹೊತ್ತ ಅಂಗೈಯಗಲದ ಕಾರ್ಡುಗಳು ಸಾಲಾಗಿ ಸಿಕ್ಕಿಸಲ್ಪಟ್ಟಿದ್ದವು. ದೋಷದ ಕಾರ್ಡನ್ನು ನಕ್ಷೆ ಹಿಡಿದು ಹುಡುಕಿ, ಕಿತ್ತು, ಇನ್ನೊಂದನ್ನು ಸಿಕ್ಕಿಸಿದರೆ ಯಂತ್ರ ಎದ್ದು ಕೂರುತ್ತಿತ್ತು. ಕಿತ್ತ ಕಾರ್ಡಿನಲ್ಲಿ ಸುಟ್ಟ ಟ್ರಾನ್ಸಿಸ್ಟರನ್ನು ಮೇಜಿನ ಮೇಲೆ ಬದಲಾಯಿಸಬಹುದಾಗಿತ್ತು. ಹಾಗೆ ಶುರುವಾದ ಸಂಸ್ಥೆ 1980ರ ದಶಕದ ನಡುವೆ ರೈಲ್ವೆಯ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆಯನ್ನೇ ಕಟ್ಟುವಷ್ಟು ಬೆಳೆಯಿತು. ರಿಪೇರಿಯವರಿಗೆ ಹೊಸದನ್ನು ಕಟ್ಟುವ ಬುದ್ಧಿ ಇರುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಚೆನ್ನಾದ ಉತ್ತರ ಸಿಗಲಾರದು.

ಇದು ಸರ್ಕಾರದ ಬಲದಿಂದ ನಡೆದ ವಿಶೇಷ ಪ್ರಸಂಗ, ಇದರಿಂದ ಸಾಮಾನ್ಯ ನಿಯಮ ಹೊರಡಿಸಬಾರದು ಎನ್ನುವವರು ಇರಬಹುದು. ಆಕ್ಷೇಪ ನ್ಯಾಯವಾದದ್ದು, ಸರ್ಕಾರಿ ಸಂಸ್ಥೆಯ ಬೆನ್ನಿಗೆ ಖಜಾನೆ ಇತ್ತು. ಆದರೆ ಅಲ್ಲಿ ಕಂಡ ನಿಯಮದ ಬೇರು ಇನ್ನೂ ಹಿಂದಕ್ಕೆ, ಇನ್ನೂ ದೂರಕ್ಕೆ ಹೋಗುತ್ತದೆ. 1956ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಹೂಡಿದ್ದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಐಬಿಎಂ ಒಂದು ರಾಜಿ ಡಿಕ್ರಿಗೆ ಒಪ್ಪಬೇಕಾಯಿತು. ಯಂತ್ರಗಳನ್ನು ಬಾಡಿಗೆಗೆ ಮಾತ್ರವಲ್ಲ, ಮಾರಾಟಕ್ಕೂ ಇಡಬೇಕು; ಕೊಂಡವರಿಗೂ ರಿಪೇರಿಯನ್ನೇ ಕಸುಬಾಗಿ ಮಾಡುವ ಹೊರಗಿನವರಿಗೂ ಬಿಡಿಭಾಗ ಮಾರಬೇಕು; ತನ್ನ ರಿಪೇರಿ ನೌಕರರಿಗೆ ಕೊಡುವ ಕೈಪಿಡಿಗಳನ್ನು ಅವರಿಗೂ ಒದಗಿಸಬೇಕು ಎಂಬುದು ಅದರ ಸಾರ. ಆ ಆದೇಶ ಭಾರತಕ್ಕೆ ಅನ್ವಯಿಸುತ್ತಿರಲಿಲ್ಲ. ಆದರೂ ತಯಾರಕನಿಗೆ ಹೊರತಾದ ರಿಪೇರಿಗಾರ ಎಂಬ ಪಾತ್ರ ಕಂಪ್ಯೂಟರ್ ಉದ್ಯಮದ ಹುಟ್ಟಿನಲ್ಲೇ ಇತ್ತು, ಅದು ಇರಬೇಕಾದರೆ ನಕ್ಷೆಯೂ ಬಿಡಿಭಾಗವೂ ಹೊರಗೆ ಸಿಗಬೇಕು ಎಂಬುದನ್ನು ನ್ಯಾಯಾಲಯ ಅಂದೇ ಕಂಡುಕೊಂಡಿತ್ತು ಎಂಬುದಕ್ಕೆ ಅದು ದಾಖಲೆ. ನಮ್ಮ ಸರ್ಕಾರಿ ಸಂಸ್ಥೆ ಮಾಡಿದ್ದು ಆ ಪಾತ್ರವನ್ನು ದೇಶದ ಮಟ್ಟದಲ್ಲಿ ವಹಿಸಿಕೊಂಡದ್ದು.

ಖಜಾನೆಯ ಬೆಂಬಲವಿಲ್ಲದ ರಿಪೇರಿ ಬೀದಿಗೆ ಬಂದದ್ದು ಐಬಿಎಂನ ಇನ್ನೊಂದು ಯಂತ್ರದಿಂದ. 1981ರ ಆಗಸ್ಟ್‌ನಲ್ಲಿ ಅದು ಹೊರತಂದ ಪರ್ಸನಲ್ ಕಂಪ್ಯೂಟರಿನ ತಾಂತ್ರಿಕ ಕೈಪಿಡಿಯಲ್ಲಿ ಬೋರ್ಡಿನ ಪೂರ್ತಿ ಸರ್ಕ್ಯೂಟ್ ನಕ್ಷೆ, ಜೊತೆಗೆ ಯಂತ್ರವನ್ನು ಎಬ್ಬಿಸುವ ಬಯೋಸ್ ಪ್ರೋಗ್ರಾಮಿನ ಸಾಲು ಸಾಲು ಪಟ್ಟಿ ಅಚ್ಚಾಗಿದ್ದವು. ಹಣ ಕೊಟ್ಟ ಯಾರಿಗೂ ಆ ಪುಸ್ತಕ ಸಿಗುತ್ತಿತ್ತು. ಬಯೋಸಿಗೆ ಹಕ್ಕುಸ್ವಾಮ್ಯ ಇದ್ದರೂ ಉಳಿದ ಬಿಡಿಭಾಗಗಳು ಬಹುಪಾಲು ಹೊರಗಿನ ಕಂಪನಿಗಳವೇ ಆದ್ದರಿಂದ ನಕಲು ಯಂತ್ರಗಳು ಕೆಲವೇ ವರ್ಷಗಳಲ್ಲಿ ಜಗತ್ತನ್ನು ತುಂಬಿದವು. ಇದನ್ನು ಕಂಡು ಪೇಚಿಗೆ ಬಿದ್ದ ಐಬಿಎಂ 1987ರಲ್ಲಿ ಹೊಸ ಸರಣಿ ತಂದು, ಕಾರ್ಡು ಸಿಕ್ಕಿಸುವ ಗೂಡಿನ ವಿನ್ಯಾಸಕ್ಕೆ ಲೈಸೆನ್ಸಿನ ಬೇಲಿ ಹಾಕಿತು. ಮರುವರ್ಷವೇ ಕಾಂಪ್ಯಾಕ್ ಮುಂದಾಳಾಗಿ ಒಂಬತ್ತು ಕಂಪನಿಗಳು ತಮ್ಮದೇ ಮಾನಕ ಘೋಷಿಸಿದವು. ಗೂಡು ಮುಚ್ಚಲು ಹೋದವರೇ ಹೊರಗೆ ಉಳಿದರು. ಈ ಕಥೆಯನ್ನು ಸಾಮಾನ್ಯವಾಗಿ ನಕಲು ಯಂತ್ರಗಳ ಗೆಲುವೆಂದು ಹೇಳುತ್ತಾರೆ. ರಿಪೇರಿಯ ಕಡೆಯಿಂದ ನೋಡಿದರೆ ಬೇರೊಂದು ಕಾಣುತ್ತದೆ. ಕೆಟ್ಟಾಗ ಯಂತ್ರ ತನ್ನ ನೋವನ್ನು ಹೇಳಿಕೊಳ್ಳುವ ರೀತಿಯೂ ಬಹಿರಂಗವಾಯಿತು. ಆನ್ ಮಾಡಿದೊಡನೆ ಕೇಳುವ ಬೀಪುಗಳಿಗೆ ಪಟ್ಟಿ ಇತ್ತು: ಅವಾರ್ಡ್ ಬಯೋಸಿನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪು ಬಂದರೆ ಡಿಸ್‌ಪ್ಲೇ ಕಾರ್ಡಿನ ಕಡೆ ನೋಡಬೇಕು. ಬೀಪೂ ಇಲ್ಲದಷ್ಟು ಸತ್ತ ಬೋರ್ಡಿಗೆ ಎರಡಂಕಿಯ ಕೋಡ್ ತೋರಿಸುವ ಅಗ್ಗದ ಪರೀಕ್ಷಾ ಕಾರ್ಡ್ ಸಿಗುತ್ತಿತ್ತು. ಕಂಪನಿಯ ಮುಖವನ್ನೇ ನೋಡದ ಹುಡುಗನೊಬ್ಬ ಕಿವಿಯಿಂದಲೇ ದೋಷ ಪತ್ತೆ ಮಾಡುವುದು ಸಾಧ್ಯವಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆ ಬೆಳೆದದ್ದು ಈ ಬಹಿರಂಗದ ಮೇಲೆ. ಟೌನ್‌ಹಾಲ್‌ನಿಂದ ನಡೆದೇ ತಲುಪಬಹುದಾದ, ನಗರ್ತಪೇಟೆಗೂ ಜೆ.ಸಿ. ರಸ್ತೆಗೂ ನೆರೆಯಾದ ಈ ಸಾದರ್ ಪತ್ರಪ್ಪ ರಸ್ತೆ ಕಂಪ್ಯೂಟರಿಗಿಂತ ಹಳೆಯದು. ಯಂತ್ರದ ಸಾಮಾನು, ವೈರು, ರೇಡಿಯೊ-ಟಿವಿಯ ಬಿಡಿಭಾಗ ಮಾರುವ ಪೇಟೆ. ಸುತ್ತಲ ನಗರದ ಗುಣವೂ ಇದಕ್ಕೆ ಕೂಡಿಬಂತು. 1948ರಲ್ಲಿ ದೂರವಾಣಿ ಉಪಕರಣಗಳ ಐಟಿಐ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ ಹುಟ್ಟಿದ ಊರಿನಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿಯಲು ಬಲ್ಲ ಕೈಗಳಿಗೆ ಬರವಿರಲಿಲ್ಲ. 1976ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಬಂತು. ವಿಪ್ರೊ, ಪಿಎಸ್‌ಐನಂಥ ಕಂಪನಿಗಳು 1980ರ ದಶಕದಲ್ಲಿ ಇಲ್ಲಿ ನೆಲೆಯೂರಿ ಕಂಪ್ಯೂಟರ್ ಕಟ್ಟಿ ಮಾರಿದವು. ಮಾರಿದ ಮೇಲೆ ವರ್ಷದ ಮೇಂಟೆನೆನ್ಸ್ ಕರಾರು, ಅಂದರೆ ಎಎಂಸಿ, ಮಾಡಿಕೊಂಡು ಎಂಜಿನಿಯರುಗಳನ್ನು ಕಳಿಸುವುದು ರೂಢಿಗೆ ಬಂತು. 1984ರ ಕಂಪ್ಯೂಟರ್ ನೀತಿ ಆಮದಿನ ಬಾಗಿಲನ್ನು ಸ್ವಲ್ಪ ತೆರೆಯಿತು. 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ ಸೇರಿದ ಮೇಲೆ ಸುಂಕ ಹಂತ ಹಂತವಾಗಿ ಸೊನ್ನೆಗೆ ಇಳಿಯುತ್ತ ಹೋಯಿತು. ರೇಡಿಯೊ ಸಾಮಾನಿನ ಗಲ್ಲಾಗಳಲ್ಲಿ ಮದರ್‌ಬೋರ್ಡ್, ರ್‍ಯಾಮ್, ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆ ಕಾಣಿಸಿಕೊಂಡವು. ಕೆಳಗೆ ಅಂಗಡಿ, ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ರಿಪೇರಿ. ಚೆನ್ನೈನ ರಿಚ್ಚಿ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್ ಇದೇ ಕಾಲದಲ್ಲಿ ಬೆಳೆದ ಸೋದರ ಪೇಟೆಗಳು.

ಈ ಪೇಟೆಗಳು ಜೋಡಿಸಿ ಮಾರಿದ ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ವಾರಂಟಿ ಎಂಬುದೇ ಚೂರುಚೂರಾಗಿತ್ತು. ಪ್ರೊಸೆಸರಿಗೆ ಮೂರು ವರ್ಷ, ಎಸ್‌ಎಂಪಿಎಸ್‌ಗೆ ಒಂದು ವರ್ಷ, ಮೌಸಿಗೆ ಅಂಗಡಿಯವನ ನಾಲಗೆಯೇ ವಾರಂಟಿ. ಭಾಗ ಭಾಗಕ್ಕೂ ತಿಂಗಳು, ವರ್ಷ ಅಚ್ಚಾದ ಸಣ್ಣ ಸ್ಟಿಕ್ಕರ್; ಅದು ಹರಿದಿದ್ದರೆ ವಾದವೇ ಇಲ್ಲ. ಅಮೆರಿಕದಲ್ಲಿ ಇಂಥ ಸ್ಟಿಕ್ಕರಿನ ಬೆದರಿಕೆ 1975ರ ವಾರಂಟಿ ಕಾಯ್ದೆಗೆ ವಿರುದ್ಧ ಎಂದು ಅಲ್ಲಿನ ವ್ಯಾಪಾರ ಆಯೋಗ 2018ರಲ್ಲಿ ಆರು ಕಂಪನಿಗಳಿಗೆ ಪತ್ರ ಬರೆಯಿತು. ನಮ್ಮಲ್ಲಿ ಆ ಚೀಟಿಯ ಪ್ರಭಾವ ಕಾನೂನಿಗಿಂತ ಹೆಚ್ಚು. ಆದರೆ ಚೂರಾದ ವಾರಂಟಿಯಲ್ಲಿ ಒಂದು ಅನುಕೂಲವಿತ್ತು: ಯಂತ್ರ ಒಂದೇ ದಿನ ಅನಾಥವಾಗುತ್ತಿರಲಿಲ್ಲ. ಕೆಟ್ಟದ್ದು ಯಾವುದೋ ಅದನ್ನಷ್ಟೇ ಬದಲಿಸಿ ಮುಂದೆ ಹೋಗುವುದು. ರ್‍ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುವುದು ಈ ಕಸುಬಿನ ಮೊದಲ ಪಾಠ, ಈಗಲೂ ಕೆಲಸ ಮಾಡುವ ಪಾಠ. ಮಲೆನಾಡು, ಕರಾವಳಿಯಲ್ಲಿ ಮುಂಗಾರಿನ ಮೊದಲ ಗುಡುಗಿಗೆ ದೂರವಾಣಿ ತಂತಿಯಿಂದ ಇಳಿದ ಸಿಡಿಲು ಮೋಡೆಮನ್ನು ಸುಡುತ್ತಿತ್ತು. ಮೋಡೆಮ್ ಬೇರೆ ಕಾರ್ಡಾಗಿದ್ದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಅದೇ ಮೋಡೆಮ್ ಬೋರ್ಡಿನೊಳಗೆ ಸೇರಿಹೋದ ಯಂತ್ರಗಳಲ್ಲಿ ಒಂದು ಮಿಂಚಿಗೆ ಇಡೀ ಬೋರ್ಡ್ ಹೋಯಿತು.

ಈ ಪೇಟೆಗಳನ್ನು ಹೊಗಳುವಾಗ ನಾಲಗೆ ಸ್ವಲ್ಪ ಹಿಡಿಯಬೇಕು. ಬಿಲ್ಲಿಲ್ಲದ ಮಾಲು, ಕದ್ದ ವಿಂಡೋಸ್, ಹಳೆಯ ಭಾಗವನ್ನು ತೊಳೆದು ಹೊಸದೆಂದು ಮಾರುವುದು, ಎಲ್ಲವೂ ಅಲ್ಲಿ ನಡೆದಿವೆ. ಅಸೆಂಬಲ್ಡ್ ಕಂಪ್ಯೂಟರ್ ಅಗ್ಗವಾದದ್ದು ಜಾಣತನದಿಂದಲ್ಲ, ತೆರಿಗೆ ತಪ್ಪಿಸಿದ್ದರಿಂದ ಎಂದು ಬ್ರಾಂಡೆಡ್ ಕಂಪನಿಗಳು ದೂರಿದ್ದರಲ್ಲಿ ಸತ್ಯಾಂಶವಿದೆ. ಆದರೆ ಕೊಳ್ಳುವಾಗಿನ ಉಳಿತಾಯಕ್ಕೆ ಆ ಆರೋಪ ತಟ್ಟುವಷ್ಟು ಐದನೆಯ ವರ್ಷದ ರಿಪೇರಿಗೆ ತಟ್ಟುವುದಿಲ್ಲ. ಬಿಲ್ಲಿದ್ದರೂ ಇಲ್ಲದಿದ್ದರೂ ಒಂದು ಕಂಪನಿಯ ಎಸ್‌ಎಂಪಿಎಸ್ ಇನ್ನೊಂದರ ಪೆಟ್ಟಿಗೆಗೆ ಹೊಂದಿದ್ದು 1995ರಲ್ಲಿ ಇಂಟೆಲ್ ಬಹಿರಂಗಪಡಿಸಿದ ಎಟಿಎಕ್ಸ್ ಅಳತೆಯಿಂದ, ತೆರಿಗೆ ತಪ್ಪಿಸಿದ್ದರಿಂದಲ್ಲ. ಅದೇ ಕಾಲದಲ್ಲಿ ತಮ್ಮದೇ ಆಕಾರದ ಎಸ್‌ಎಂಪಿಎಸ್ ಹಾಕಿದ ಕೆಲವು ಬ್ರಾಂಡೆಡ್ ಪೆಟ್ಟಿಗೆಗಳು, ಪೂರ್ತಿ ತೆರಿಗೆ ಕಟ್ಟಿಯೂ, ಆ ಒಂದು ಭಾಗ ಸಿಗದೆ ಮೂಲೆ ಸೇರಿದವು.

ಈ ಕಸುಬಿನ ಶಕ್ತಿಯನ್ನೂ ಮಿತಿಯನ್ನೂ ಎರಡು ಪಿಡುಗುಗಳು ತೋರಿಸಿಕೊಟ್ಟವು. ಮೊದಲನೆಯದು ಕೆಪಾಸಿಟರುಗಳದು. 1999ರ ಸುಮಾರಿನಿಂದ ಮುಂದಿನ ಏಳೆಂಟು ವರ್ಷ ಲಕ್ಷಾಂತರ ಮದರ್‌ಬೋರ್ಡುಗಳ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಅಕಾಲದಲ್ಲಿ ಉಬ್ಬಿ, ನೆತ್ತಿ ಬಿರಿದು, ಕಂದು ದ್ರವ ಒಸರತೊಡಗಿದವು. ಒಳಗಿನ ದ್ರಾವಣದ ರಾಸಾಯನಿಕ ಕೆಟ್ಟದಾಗಿತ್ತು. ಯಾರೋ ಅರೆಬರೆ ಸೂತ್ರ ಕದ್ದು ಮಾಡಿದ್ದರಿಂದ ಹೀಗಾಯಿತು ಎಂಬ ಕಥೆಯೂ ಹಬ್ಬಿತ್ತು, ಅದು ಪೂರ್ತಿ ಸಾಬೀತಾಗಲಿಲ್ಲ. ಡೆಲ್ ಕಂಪನಿ ತನ್ನ ಆಪ್ಟಿಪ್ಲೆಕ್ಸ್ ಯಂತ್ರಗಳ ಬೋರ್ಡ್ ಬದಲಾವಣೆಗೆಂದೇ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಟ್ಟಿತು. ಕಂಪನಿಯ ಪರಿಹಾರ ಇಡೀ ಬೋರ್ಡ್ ಬದಲಿಸುವುದು. ವಾರಂಟಿ ಮುಗಿದವರಿಗೆ ಸಿಗುತ್ತಿದ್ದ ಸಲಹೆ ಹೊಸ ಕಂಪ್ಯೂಟರ್ ಕೊಳ್ಳಿ ಎಂಬುದು. ಪೇಟೆಯ ಪರಿಹಾರ ಮೂರನೆಯದು. ಉಬ್ಬಿದ ಕೆಪಾಸಿಟರ್ ಕಣ್ಣಿಗೆ ಕಾಣುತ್ತಿತ್ತು. ಅದರ ಮೈಮೇಲೆಯೇ ಮೈಕ್ರೊಫ್ಯಾರಡ್, ವೋಲ್ಟ್, ತಾಳಬಲ್ಲ ಉಷ್ಣತೆ ಎಲ್ಲವೂ ಬರೆದಿರುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಅದೇ ಅಳತೆಯ, 105 ಡಿಗ್ರಿ ತಾಳುವ ಒಳ್ಳೆಯ ಕೆಪಾಸಿಟರುಗಳು ಕೆಲವೇ ರೂಪಾಯಿಗೆ ಸಿಗುತ್ತಿದ್ದವು. ಹಳೆಯದನ್ನು ಕಿತ್ತು, ಗುಂಡಿಯ ಸೀಸವನ್ನು ಹೀರಿ ತೆಗೆದು, ಹೊಸದನ್ನು ಬೆಸೆದರೆ ಬೋರ್ಡ್ ಮತ್ತಷ್ಟು ವರ್ಷ ನಡೆಯುತ್ತಿತ್ತು. ರಹಸ್ಯವೇನೂ ಇಲ್ಲದ, ಎಲ್ಲ ಮಾಹಿತಿಯೂ ಮೈಮೇಲೆ ಬರೆದ ಭಾಗ ಕೆಟ್ಟದ್ದರಿಂದ ಬೀದಿಯ ಕೈ ಕಂಪನಿಯ ಕೈಗಿಂತ ಮೇಲಾಯಿತು.

ಎರಡನೆಯ ಪಿಡುಗಿನಲ್ಲಿ ಹಾಗಾಗಲಿಲ್ಲ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಹಿಂದಿನ ಪೀಳಿಗೆಯ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳು ಅಸಹಜ ಪ್ರಮಾಣದಲ್ಲಿ ಕೆಡುತ್ತಿವೆ ಎಂದು ಒಪ್ಪಿ, ಅದಕ್ಕೆ 15ರಿಂದ 20 ಕೋಟಿ ಡಾಲರ್ ವೆಚ್ಚ ಅಂದಾಜಿಸಿತು. ಎಚ್‌ಪಿಯ ಪೆವಿಲಿಯನ್ ಡಿವಿ 6000, ಡಿವಿ 9000 ಇಟ್ಟುಕೊಂಡಿದ್ದವರಿಗೆ ಆ ಕಪ್ಪು ಪರದೆ ಚೆನ್ನಾಗಿ ನೆನಪಿರುತ್ತದೆ. ಪೇಟೆ ಇದಕ್ಕೆ ಬಿಸಿಗಾಳಿಯ ಹಾಟ್ ಏರ್ ಗನ್ ಹಿಡಿಯಿತು. ಚಿಪ್ಪನ್ನು ಕಾಯಿಸಿದರೆ ಪರದೆ ಬರುತ್ತಿತ್ತು. ಗಿರಾಕಿ ಹಣ ಕೊಟ್ಟು ಖುಷಿಯಿಂದ ಹೋಗುತ್ತಿದ್ದ. ಕೆಲವು ವಾರದಲ್ಲಿ ಮತ್ತೆ ಕಪ್ಪು. ಮುಂದಿನ ಹೆಜ್ಜೆ ರಿಬಾಲಿಂಗ್, ಅಂದರೆ ಚಿಪ್ಪನ್ನು ಎಬ್ಬಿಸಿ ಅದರಡಿಯ ಬೆಸುಗೆಯ ಕಾಳುಗಳನ್ನೆಲ್ಲ ಹೊಸದಾಗಿ ಹಾಕಿ ಕೂರಿಸುವುದು. ಅದೂ ಬಾಳಲಿಲ್ಲ. ದೋಷ ಇದ್ದದ್ದು ಚಿಪ್ಪಿಗೂ ಬೋರ್ಡಿಗೂ ನಡುವಿನ ಕಾಳುಗಳಲ್ಲಲ್ಲ. ಚಿಪ್ಪಿನ ಪೊಟ್ಟಣದ ಒಳಗೆ, ಸಿಲಿಕಾನ್ ತುಂಡನ್ನು ಅದರ ತಳಕ್ಕೆ ಅಂಟಿಸಿದ ಸೂಕ್ಷ್ಮ ಬೆಸುಗೆಯಲ್ಲಿ. ಸುಧಾರಿತ ತಯಾರಿಕೆಯ ಹೊಸ ಚಿಪ್ ಹಾಕದೆ ಬೇರೆ ದಾರಿ ಇರಲಿಲ್ಲ. ಇದು ಗೊತ್ತಿದ್ದೂ ಕಾಯಿಸಿ ಕಳಿಸಿದ ವಂಚಕರು ಇದ್ದರು. ಗೊತ್ತಿಲ್ಲದೆ ಶ್ರದ್ಧೆಯಿಂದ ರಿಬಾಲಿಂಗ್ ಮಾಡಿದವರೂ ಇದ್ದರು.

ಹೊರಗಿನ ರಿಪೇರಿಯನ್ನು ನಂಬಬಾರದು ಎನ್ನುವವರು ಮುಂದಿಡುವ ಬಲವಾದ ಉದಾಹರಣೆ ಇದೇ. ಅನಧಿಕೃತ ಕೈಗಳು ಕುರುಡಾಗಿ ಕೆಲಸ ಮಾಡುತ್ತವೆ, ಗಿರಾಕಿಯ ಹಣ ಎರಡು ಸಲ ಹೋಗುತ್ತದೆ ಎಂಬುದು ಅವರ ವಾದ. ಕುರುಡು ನಿಜ. ಆದರೆ ಕಣ್ಣು ಕಟ್ಟಿದವರು ಯಾರು ಎಂದು ಕೇಳಬೇಕಲ್ಲ? ಯಾವ ಚಿಪ್ಪುಗಳು, ಯಾವ ತಿಂಗಳ ತಯಾರಿಕೆಯವು, ದೋಷ ಎಲ್ಲಿ ಎಂಬ ವಿವರವನ್ನು ಕಂಪನಿ ಮೊದಲೇ ಸ್ಪಷ್ಟವಾಗಿ ಹೊರಗಿಟ್ಟಿದ್ದರೆ ಒಂದು ವರ್ಷದ ವ್ಯರ್ಥ ಪ್ರಯೋಗ ತಪ್ಪುತ್ತಿತ್ತು. ಅಧಿಕೃತ ಸೇವಾ ಕೇಂದ್ರಗಳೂ ಎಷ್ಟೋ ಸಲ ಅದೇ ದೋಷದ ಚಿಪ್ಪಿರುವ ಬದಲಿ ಬೋರ್ಡನ್ನೇ ಹಾಕಿ ಕಳಿಸಿದವು. ಅವೂ ಮತ್ತೆ ಕೆಟ್ಟವು. ಒಂದೇ ಕಸುಬು, ಬಹುಮಟ್ಟಿಗೆ ಅದೇ ಕೈಗಳು, ಕೆಪಾಸಿಟರಿನಲ್ಲಿ ಗೆದ್ದು ಚಿಪ್ಪಿನಲ್ಲಿ ಸೋತವು. ನಡುವೆ ಬದಲಾದದ್ದು ಕೈಚಳಕಕ್ಕಿಂತ ಹೆಚ್ಚಾಗಿ ಕೈಗೆ ಸಿಕ್ಕ ಮಾಹಿತಿ.

ಲ್ಯಾಪ್‌ಟಾಪ್ ಈ ಕೊರತೆಯನ್ನೇ ನಿಯಮ ಮಾಡಿತು. ಡೆಸ್ಕ್‌ಟಾಪಿನಲ್ಲಿ ಬೋರ್ಡ್ ಯಾರದಾದರೂ ಆಗಬಹುದು; ಲ್ಯಾಪ್‌ಟಾಪಿನಲ್ಲಿ ಆ ಮಾದರಿಯದೇ ಬೇಕು. ಆಪಲ್ 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದು ಬ್ಯಾಟರಿಯನ್ನು ಅಂಟಿಸಿತು. ತೆಳುವಾಗುವ ಓಟದಲ್ಲಿ ಬೇರೆ ಕಂಪನಿಗಳೂ ಹಿಂದೆ ಬೀಳಲಿಲ್ಲ. ವಾರಂಟಿ ಮುಗಿದ ಮೇಲೆ ಸೇವಾ ಕೇಂದ್ರ ಬೋರ್ಡಿಗೆ ಹೇಳುವ ಬೆಲೆ ಎಷ್ಟೋ ಸಲ ಮೂಗಿಗಿಂತ ಮೂಗುತಿ ಭಾರ ಎಂಬಂತಿರುತ್ತದೆ, ಕೆಟ್ಟದ್ದು ಅಕ್ಕಿಕಾಳಿಗಿಂತ ಸಣ್ಣ ಭಾಗವೊಂದೇ ಆದರೂ. ಇಲ್ಲಿ ಒಂದು ತೂಕದ ಆಕ್ಷೇಪವಿದೆ: ಸಿಕ್ಕಿಸುವ ಗೂಡು ಕಡಿಮೆಯಾದಷ್ಟೂ ಸಡಿಲವಾಗುವ ಸಂಪರ್ಕಗಳು ಕಡಿಮೆ, ರಬ್ಬರಿನಿಂದ ಉಜ್ಜುವ ರ್‍ಯಾಮೇ ಇಲ್ಲದ ಯಂತ್ರಕ್ಕೆ ಉಜ್ಜುವ ಅಗತ್ಯವೂ ಇಲ್ಲ. ಇದನ್ನು ಒಪ್ಪಲೇಬೇಕು. ಬೆಸೆದ ರ್‍ಯಾಮ್ ಸಿಕ್ಕಿಸಿದ ರ್‍ಯಾಮಿಗಿಂತ ಕಡಿಮೆ ತೊಂದರೆ ಕೊಡಬಹುದು. ಆದರೆ ಬೆಸೆಯುವುದು ಬೇರೆ, ಬೆಸೆದದ್ದರ ನಕ್ಷೆಯನ್ನು ಮುಚ್ಚಿಡುವುದು ಬೇರೆ. ಮೊದಲನೆಯದಕ್ಕೆ ತಾಂತ್ರಿಕ ಕಾರಣ ಕೊಡಬಹುದು, ಎರಡನೆಯದಕ್ಕೆ ಕೊಡಲಾಗುವುದಿಲ್ಲ. ತಯಾರಿಕೆಯ ಬೆಸುಗೆ ಮುಚ್ಚಿದ ನಕ್ಷೆಯಿಂದ ಒಂದಿಷ್ಟೂ ಗಟ್ಟಿಯಾಗುವುದಿಲ್ಲ.

ಚಿಪ್ ಲೆವೆಲ್ ರಿಪೇರಿ ಎಂಬ ನಾಮಫಲಕದ ಕೆಳಗೆ ಇಂದು ನಡೆಯುವ ಕೆಲಸದ ಅರ್ಧ, ಈ ನಕ್ಷೆಯನ್ನು ಹುಡುಕುವುದೇ. ಯಾವುದೋ ಕಾರ್ಖಾನೆಯಿಂದ ಸೋರಿದ ಸರ್ಕ್ಯೂಟ್ ಕಡತ, ಬೋರ್ಡಿನ ಪ್ರತಿ ಬಿಂದುವನ್ನೂ ತೋರಿಸುವ ಬೋರ್ಡ್‌ವ್ಯೂ ಕಡತ, ಇವು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟುತ್ತವೆ. ಅದನ್ನು ಪರದೆಯ ಮೇಲೆ ಹಾಕಿ, ಮಲ್ಟಿಮೀಟರಿನ ಮುಳ್ಳು ಹಿಡಿದು, 19 ವೋಲ್ಟ್ ಎಲ್ಲಿಯವರೆಗೆ ಬಂತು, 3.3 ವೋಲ್ಟ್ ಎಲ್ಲಿ ನಿಂತಿತು ಎಂದು ಒಂದೊಂದೇ ಹಾದಿ ನೋಡುತ್ತಾರೆ. ಶಾರ್ಟ್ ಆದ ಸಾಲಿಗೆ ಸಣ್ಣ ವೋಲ್ಟೇಜ್ ಕೊಟ್ಟು, ಬೋರ್ಡಿನ ಮೇಲೆ ಸ್ಪಿರಿಟ್ ಸವರಿದರೆ, ಮೊದಲು ಆರುವ ಜಾಗದಲ್ಲಿ ಕೆಟ್ಟ ಭಾಗ ಇರುತ್ತದೆ. ಬದಲಿ ಐಸಿ ಸಿಗುವುದು ಹೊಸದಾಗಿ ಅಲ್ಲ, ಸತ್ತ ಬೋರ್ಡೊಂದರಿಂದ ಕಿತ್ತದ್ದು. ಗುಜರಿಯವನೇ ಇಲ್ಲಿ ಬಿಡಿಭಾಗದ ಡೀಲರ್. ಇದು ಕಂಪನಿಯ ಗುಟ್ಟಿನ ಕಳ್ಳತನವಲ್ಲವೇ ಎಂದರೆ, ಕಾನೂನಿನ ಕಣ್ಣಿಗೆ ಆ ಕಡತಗಳ ಸ್ಥಿತಿ ಶುದ್ಧವಲ್ಲ ಎಂಬುದನ್ನು ಅಲ್ಲಗಳೆಯಲಾಗದು. ಒಂದು ಪೀಳಿಗೆಯ ಹಿಂದೆ ಐಬಿಎಂ ಪುಸ್ತಕವಾಗಿ ಅಚ್ಚು ಹಾಕಿ ಮಾರಿದ್ದನ್ನು ಈಗ ಕಳ್ಳಮಾಲಿನಂತೆ ಹಂಚಿಕೊಳ್ಳಬೇಕಾಗಿದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ನಕ್ಷೆ ಕೊಟ್ಟರೆ ನಕಲು ಮಾಡುತ್ತಾರೆಂಬ ಭಯ 1981ರ ಆ ಯಂತ್ರದ ವಿಷಯದಲ್ಲಿ ನಿಜವಾಯಿತು. ಇಂದು ಬಯೋಸಿನ ಕೋಡ್, ಚಿಪ್ಪಿನ ಒಳವಿನ್ಯಾಸ ಯಾವುದನ್ನೂ ಕೇಳದೆ, ಬರೀ ಬೋರ್ಡಿನ ವೋಲ್ಟೇಜ್ ಹಾದಿಯ ನಕ್ಷೆ ಕೇಳುವವನು ಲ್ಯಾಪ್‌ಟಾಪ್ ಕಾರ್ಖಾನೆ ತೆರೆಯಲಾರ.

ಡೇಟಾ ಸುರಕ್ಷತೆಯ ಮಾತು ಇದಕ್ಕಿಂತ ಕಠಿಣ. ಅಪರಿಚಿತ ಅಂಗಡಿಗೆ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಕುಟುಂಬದ ಫೋಟೊ, ಬ್ಯಾಂಕಿನ ವಿವರ ಇರುತ್ತವೆ. ದುರುಪಯೋಗದ ಭಯ ಹುಸಿಯಲ್ಲ. ಆಪಲ್ 2018ರ ಹೊತ್ತಿಗೆ ಟಿ2 ಎಂಬ ಚಿಪ್ಪಿನ ಮೂಲಕ ಸ್ಟೋರೇಜನ್ನು ಆಯಾ ಬೋರ್ಡಿಗೇ ಬೀಗ ಹಾಕಿ ಕಟ್ಟಿದಾಗ ಕೊಟ್ಟ ಕಾರಣವೂ ಸುರಕ್ಷತೆಯೇ. ಕದ್ದವನಿಗೆ ಡೇಟಾ ಸಿಗುವುದಿಲ್ಲ, ಸರಿ. ಬೋರ್ಡ್ ಸತ್ತರೆ, ಬ್ಯಾಕಪ್ ಇಡದ ಒಡೆಯನಿಗೂ ಸಿಗುವುದಿಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಕೆಳಗಿನ ಸರ್ಕ್ಯೂಟ್ ತಟ್ಟೆ ಸುಟ್ಟರೆ ಅದೇ ಮಾದರಿಯ ಇನ್ನೊಂದನ್ನು ತಂದು, ಸಣ್ಣ ರೋಮ್ ಚಿಪ್ಪನ್ನು ಇದರಿಂದ ಅದಕ್ಕೆ ದಾಟಿಸಿ ಡೇಟಾ ಎತ್ತುತ್ತಿದ್ದರು. ಇಲ್ಲಿ ಬೋರ್ಡನ್ನೇ ಬದುಕಿಸಬೇಕು, ಅದೂ ಅದರ ಪ್ರೊಸೆಸರು, ಭದ್ರತಾ ಚಿಪ್ಪು, ಮೆಮೊರಿ ಮೂರೂ ಉಳಿದಿದ್ದರೆ. ಆದ್ದರಿಂದ ಸುರಕ್ಷತೆಯ ವಾದವನ್ನು ಒಪ್ಪಿದಷ್ಟೂ ಬೋರ್ಡ್ ಮಟ್ಟದ ರಿಪೇರಿಯ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಡೇಟಾಕ್ಕೆ ಪಾಸ್‌ವರ್ಡಿನ ಬೀಗ ಇರುವ ಯಂತ್ರವನ್ನು ಅಪರಿಚಿತನ ಮೇಜಿನ ಮೇಲಿಡಲು ಹಿಂದಿಗಿಂತ ಈಗ ಅಂಜಿಕೆ ಕಡಿಮೆಯೇ ಇರಬೇಕು.

ಹೊಸದು ಕೊಳ್ಳುವುದೇ ಜಾಣತನ, ಹಳೆಯದು ನಿಧಾನ, ಕರೆಂಟೂ ಹೆಚ್ಚು ತಿನ್ನುತ್ತದೆ ಎಂಬ ವಾದ 1990ರ ದಶಕದಲ್ಲಿ ನಿಜವಿತ್ತು. ಮೂರು ವರ್ಷದಲ್ಲಿ ಪ್ರೊಸೆಸರಿನ ವೇಗ ಹಲವು ಪಟ್ಟಾಗುತ್ತಿತ್ತು. ಈಗ ಎಂಟು ವರ್ಷದ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿದರೆ ನಾಡಕಚೇರಿಯ ಟೈಪಿಂಗಿಗೂ ಕಾಲೇಜು ಹುಡುಗಿಯ ಪ್ರಾಜೆಕ್ಟಿಗೂ ಸಾಕಾಗುತ್ತದೆ. ಜಿಲ್ಲಾ ಕೇಂದ್ರದ ಅಂಗಡಿಗಳು ತಮ್ಮಿಂದಾಗದ ಬೋರ್ಡನ್ನು ಬಸ್ಸಿನ ಪಾರ್ಸೆಲ್ಲಿನಲ್ಲಿ ಬೆಂಗಳೂರಿಗೆ ಕಳಿಸುವುದು ಯಾರದೋ ಹಳೆಯ ವಸ್ತುವಿನ ಮೋಹಕ್ಕಲ್ಲ; ಅದು ಲೆಕ್ಕಕ್ಕೆ ಕೂಡುತ್ತದೆ. ರಿಪೇರಿಯಾಗದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆಯೇ ಬರಹದ ವಿಷಯ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದದ್ದನ್ನು ಮಾತ್ರ ಇಲ್ಲಿ ನೆನೆಯಬಹುದು. ತ್ಯಾಜ್ಯವನ್ನು ಹೇಗೆ ವಿಲೇವಾರಿ ಮಾಡಬೇಕು ಎಂಬುದಕ್ಕೆ ಅಂದಿನಿಂದ ಮೂರು ಸಲ ನಿಯಮಗಳು ಬಂದಿವೆ. ತ್ಯಾಜ್ಯವಾಗದಂತೆ ನೋಡಿಕೊಳ್ಳುವವನಿಗೆ ನಕ್ಷೆ ಕೊಡಿಸುವ ನಿಯಮ ಬಂದಿಲ್ಲ.

ಕಾರಿನ ವಿಷಯದಲ್ಲಿ ಬಂದಿದೆ, ಅಥವಾ ಬರುವ ಹಾದಿ ಹಿಡಿದಿದೆ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಹುಡುಕುವ ಉಪಕರಣ, ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು, ಹೊರಗೆ ಬಿಚ್ಚಿಸಿದರೆ ವಾರಂಟಿ ಇಲ್ಲ ಎಂದು ಹೆದರಿಸಿದ್ದು ಅವುಗಳ ಮೇಲಿದ್ದ ಆರೋಪ. ಕಾರಿನ ಬಿಡಿಭಾಗದ ಜೆ.ಸಿ. ರಸ್ತೆಯಿಂದ ಕಂಪ್ಯೂಟರಿನ ಎಸ್.ಪಿ. ರಸ್ತೆಗೆ ಕೆಲವೇ ಹೆಜ್ಜೆ. ಆ ತೀರ್ಪಿನ ತರ್ಕ ಅಷ್ಟು ದೂರವನ್ನೂ ಇನ್ನೂ ದಾಟಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಮೊದಲಿಗೆ ಆರಿಸಿಕೊಂಡ ನಾಲ್ಕು ವಲಯಗಳು ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಕಂಪ್ಯೂಟರ್ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ತೆರೆದ ಸರ್ಕಾರಿ ಪೋರ್ಟಲ್ ಕಂಪನಿಗಳ ಸೇವಾ ಕೇಂದ್ರ, ವಾರಂಟಿ ಷರತ್ತು, ಬಿಡಿಭಾಗಗಳ ಮಾಹಿತಿಯನ್ನು ಒಂದೆಡೆ ತಂದಿತು. ಕಂಪನಿಗಳು ಅದಕ್ಕೆ ಸೇರುವುದು ಅವರವರ ಇಷ್ಟ. 1956ರಲ್ಲಿ ಐಬಿಎಂ ಮೇಲೆ ಹೇರಿದ್ದ ಷರತ್ತು, ತನ್ನ ನೌಕರನಿಗೆ ಕೊಟ್ಟ ಕೈಪಿಡಿಯನ್ನು ಹೊರಗಿನ ರಿಪೇರಿಗಾರನಿಗೂ ಕೊಡಬೇಕೆಂಬುದು, ಭಾರತದಲ್ಲಿ ಲ್ಯಾಪ್‌ಟಾಪ್ ಮಾರುವ ಯಾವ ಕಂಪನಿಗೂ ಇಂದು ಕಡ್ಡಾಯವಲ್ಲ.